ಕುಮಟಾ–ಭಟ್ಕಳ: ಯಾರ ಕೋಟೆಯೂ ಅಲ್ಲ

ಚುನಾವಣೆ ಬಂತೆಂದರೆ ಕುಮಟಾ, ಹೊನ್ನಾವರ, ಭಟ್ಕಳಗಳನ್ನು ಬಿಜೆಪಿಯ ಭದ್ರಕೋಟೆ ಎಂದು ಬರೆದುಬಿಡುವುದು ರೂಢಿಯಾಗಿದೆ. ಹಾಗೆನ್ನುವವರು ಮುಂದಿಡುವ ಪುರಾವೆ ಲೋಕಸಭೆಯ ಫಲಿತಾಂಶ. 1996ರಿಂದೀಚೆಗೆ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿ ಸೋತದ್ದು ಒಮ್ಮೆ ಮಾತ್ರ, 1999ರಲ್ಲಿ ಮಾರ್ಗರೆಟ್ ಆಳ್ವ ಅವರೆದುರು. 2019ರಲ್ಲಿ ಅನಂತಕುಮಾರ ಹೆಗಡೆಯವರ ಅಂತರ 4.79 ಲಕ್ಷ, 2024ರಲ್ಲಿ ವಿಶ್ವೇಶ್ವರ ಹೆಗಡೆ ಕಾಗೇರಿಯವರದು 3.37 ಲಕ್ಷ. ಅಂಕಿಗಳು ಸುಳ್ಳಲ್ಲ. ಆದರೆ ಈ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಖಾನಾಪುರ ಮತ್ತು ಕಿತ್ತೂರು ಬೆಳಗಾವಿ ಜಿಲ್ಲೆಗೆ ಸೇರಿದವು, ಶಿರಸಿ, ಯಲ್ಲಾಪುರ, ಹಳಿಯಾಳ ಘಟ್ಟದ ಮೇಲಿನವು. ಅಷ್ಟೂ ಸೀಮೆಯ ಮೊತ್ತವನ್ನು ಘಟ್ಟದ ಕೆಳಗಿನ ಮೂರು ಊರುಗಳ ಒಲವೆಂದು ಓದಲು ಬರುವುದಿಲ್ಲ. ಈ ಊರುಗಳ ಮನಸ್ಸು ತಿಳಿಯಬೇಕಾದರೆ ವಿಧಾನಸಭೆಯ ಲೆಕ್ಕ ನೋಡಬೇಕು. ಅಲ್ಲಿ ಕಾಣುವುದು ಪಕ್ಷಕ್ಕಿಂತ ಆಳನ್ನು ನೋಡಿ ಮತ ಹಾಕುವ ಹಳೆಯ ಅಭ್ಯಾಸ.

ಈ ಅಭ್ಯಾಸಕ್ಕೆ ಅರ್ಧ ಶತಮಾನಕ್ಕೂ ಮೀರಿದ ವಯಸ್ಸಾಗಿದೆ. 1952ರಿಂದ ಸತತ ಮೂರು ಬಾರಿ ಕಾಂಗ್ರೆಸ್ಸಿನ ಜೋಕಿಂ ಆಳ್ವರನ್ನು ಗೆಲ್ಲಿಸಿದ್ದ ಕೆನರಾ (ಇಂದಿನ ಉತ್ತರ ಕನ್ನಡ) ಲೋಕಸಭಾ ಕ್ಷೇತ್ರ, 1967ರಲ್ಲಿ ಯಾವ ದೊಡ್ಡ ಪಕ್ಷದ ಚಿಹ್ನೆಯೂ ಇಲ್ಲದ ದಿನಕರ ದೇಸಾಯಿಯವರನ್ನು ದಿಲ್ಲಿಗೆ ಕಳಿಸಿತು. ಅವರು ಗೇಣಿದಾರರನ್ನು ಸಂಘಟಿಸಿ ಬ್ರಿಟಿಷ್ ಸರ್ಕಾರದಿಂದ ಗಡೀಪಾರಾದವರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದವರು. ಜನ ನೋಡಿದ್ದು ಆ ಕೆಲಸವನ್ನು. ಮುಂದೆ ದೇವರಾಜ ಅರಸು ಸರ್ಕಾರದ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂದು ನಾಮಧಾರಿ, ಹಾಲಕ್ಕಿ ಗೇಣಿದಾರರ ಕೈಗೆ ಭೂಮಿ ಬರತೊಡಗಿತು. ಕಾಂಗ್ರೆಸ್ ದೇಶದಲ್ಲೆಲ್ಲ ನೆಲಕಚ್ಚಿದ 1977ರಲ್ಲೂ ಕೆನರಾ ಅದರ ಕೈಬಿಡಲಿಲ್ಲ. ಉಪಕಾರ ಕಣ್ಣೆದುರಿಗಿದ್ದಾಗ ನಿಷ್ಠೆ ಉಳಿಯಿತು. ಅದರ ನೆನಪು ಮಾಸಿದಂತೆ ನಿಷ್ಠೆಯೂ ಸಡಿಲವಾಯಿತು.

ಈಚಿನ ಲೆಕ್ಕ ಇನ್ನೂ ಸ್ಪಷ್ಟ. ಭಟ್ಕಳದಲ್ಲಿ 1999ರಲ್ಲಿ ಕಾಂಗ್ರೆಸ್ಸಿನ ಜೆ.ಡಿ. ನಾಯ್ಕ, 2004ರಲ್ಲಿ ಬಿಜೆಪಿಯ ಶಿವಾನಂದ ನಾಯ್ಕ, 2008ರಲ್ಲಿ ಮತ್ತೆ ಜೆ.ಡಿ. ನಾಯ್ಕ, 2013ರಲ್ಲಿ ಪಕ್ಷೇತರ ಮಂಕಾಳ ವೈದ್ಯ, 2018ರಲ್ಲಿ ಬಿಜೆಪಿಯ ಸುನೀಲ ನಾಯ್ಕ, 2023ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ವೈದ್ಯ. ಆರು ಚುನಾವಣೆಗಳಲ್ಲಿ ಹಾಲಿ ಶಾಸಕರೊಬ್ಬರೂ ಮರಳಿ ಗೆದ್ದಿಲ್ಲ. 2013ರಲ್ಲಿ ರಾಜ್ಯವೆಲ್ಲ ಕಾಂಗ್ರೆಸ್ಸಿನತ್ತ ವಾಲಿದಾಗ ಭಟ್ಕಳ ಕಾಂಗ್ರೆಸ್ ಶಾಸಕರನ್ನೇ ಸೋಲಿಸಿತು. ಹೊನ್ನಾವರ ಪಟ್ಟಣವನ್ನೂ ಒಳಗೊಂಡ ಕುಮಟಾ ಕ್ಷೇತ್ರದಲ್ಲಿ ದಿನಕರ ಶೆಟ್ಟಿ 2008ರಲ್ಲಿ ಜೆಡಿಎಸ್‌ನಿಂದ ಗೆದ್ದದ್ದು 20 ಮತಗಳಿಂದ, ಅಂದರೆ ಒಂದು ಕೇರಿಯ ನಾಲ್ಕೈದು ಮನೆಗಳ ಮತದಿಂದ. 2013ರಲ್ಲಿ ಕಾಂಗ್ರೆಸ್ಸಿನ ಶಾರದಾ ಶೆಟ್ಟಿಯವರೆದುರು ಅವರು 420 ಮತಗಳಿಂದ ಸೋತರು. 2018ರಲ್ಲಿ ಬಿಜೆಪಿಗೆ ಬಂದು ಸುಮಾರು 32 ಸಾವಿರದ ಅಂತರದಿಂದ ಗೆದ್ದವರು, 2023ರಲ್ಲಿ ಜೆಡಿಎಸ್‌ನ ಸೂರಜ್ ನಾಯ್ಕ ಸೋನಿಯವರೆದುರು 676 ಮತಗಳಲ್ಲಿ ಬಚಾವಾದರು. ಐದೇ ವರ್ಷಕ್ಕೆ ಹೀಗೆ ಕರಗುವ ಬಹುಮತವನ್ನು ಕೋಟೆ ಎನ್ನುವುದು ಹೇಗೆ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ಈ ಊರುಗಳಲ್ಲಿ ಮತ ಬೀಳುವುದು ಧರ್ಮ ನೋಡಿಯೇ ಅಲ್ಲವೇ? 1978ರಲ್ಲಿ ಎಸ್.ಎಂ. ಯಹ್ಯಾ ಅವರನ್ನು ಆರಿಸಿದ್ದ ಭಟ್ಕಳ, 1993ರ ಕೋಮುಗಲಭೆಯ ಮರುವರ್ಷ ಬಿಜೆಪಿಯ ಡಾ. ಯು. ಚಿತ್ತರಂಜನರನ್ನು ಆರಿಸಿತು, 1996ರಲ್ಲಿ ಅವರ ಹತ್ಯೆಯಾಯಿತು. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಯುವಕನೊಬ್ಬನ ಸಾವಿನ ಬೆನ್ನಿಗೆ ಕರಾವಳಿ ಹೊತ್ತಿ ಉರಿಯಿತು, ಮರುವರ್ಷ ಎರಡೂ ಕ್ಷೇತ್ರಗಳು ಬಿಜೆಪಿಯ ಪಾಲಾದವು. ಈ ನಂಟನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ಆದರೆ ಉದ್ರೇಕ ಒಂದು ಚುನಾವಣೆಯನ್ನು ಗೆಲ್ಲಿಸಿದೆಯೇ ಹೊರತು ಕ್ಷೇತ್ರವನ್ನು ಕಟ್ಟಿಹಾಕಿಲ್ಲ. ಚಿತ್ತರಂಜನರ ಹತ್ಯೆಯಾಗಿ ಮೂರೇ ವರ್ಷಕ್ಕೆ ಭಟ್ಕಳ ಕಾಂಗ್ರೆಸ್ಸಿಗೆ ಹೋಯಿತು. ಯುವಕನದು ಆಕಸ್ಮಿಕ ಸಾವೆಂದು ಸಿಬಿಐ 2022ರಲ್ಲಿ ವರದಿ ಕೊಟ್ಟಿತು. 2023ರಲ್ಲಿ ಭಟ್ಕಳದ ಬಿಜೆಪಿ ಶಾಸಕರು 32 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು.

ಜಾತಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂಬುದು ಇನ್ನೊಂದು ವಾದ. ನಾಮಧಾರಿಗಳು ದೊಡ್ಡ ಸಂಖ್ಯೆಯಲ್ಲಿರುವ ಭಟ್ಕಳದಲ್ಲಿ ಮೊಗೇರ ಸಮುದಾಯದ ವೈದ್ಯರು ಎರಡು ಸಲ ಗೆದ್ದದ್ದನ್ನು ಈ ವಾದ ವಿವರಿಸಲಾರದು. 1912ರಲ್ಲಿ ಹುಟ್ಟಿದ, ಭಟ್ಕಳದ ಮುಸ್ಲಿಮರ ಸಂಘಟನೆ ಮಜ್ಲಿಸೆ ಇಸ್ಲಾಹ್ ವ ತಂಜೀಂ ಯಾರತ್ತ ಒಲಿಯುತ್ತದೆ ಎಂಬುದು ಪ್ರತಿ ಚುನಾವಣೆಯಲ್ಲೂ ಸುದ್ದಿಯಾಗುತ್ತದೆ ನಿಜ. ಆದರೂ 2013ರಲ್ಲಿ ಮತಗಳು ಹಲವು ಪಾಲಾಗಿದ್ದಾಗಲೂ ತಂಜೀಂ ಬೆಂಬಲವಿದ್ದ ಜೆಡಿಎಸ್‌ನ ಇನಾಯತುಲ್ಲಾ ಶಾಬಂದ್ರಿ ಎರಡನೆಯ ಸ್ಥಾನದಲ್ಲೇ ನಿಂತರು. ಯಾವ ಒಂದು ಸಮುದಾಯವೂ ತಾನೊಂದೇ ಗೆಲ್ಲಿಸಲಾರದು. ಹಾಗಾಗಿ ಅಭ್ಯರ್ಥಿ ಹತ್ತು ಕೇರಿ ಸುತ್ತಲೇಬೇಕು. ಅಲ್ಲಿ ಅರಣ್ಯ ಅತಿಕ್ರಮಣದಾರರ ಪಟ್ಟಾ, ಕಾಸರಕೋಡು ಟೊಂಕದ ಬಂದರಿಗೆ ಮೀನುಗಾರರ ವಿರೋಧ, ಜಿಲ್ಲೆಯಲ್ಲಿಲ್ಲದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಇವುಗಳಿಗೆ ಉತ್ತರ ಕೊಡಲೇಬೇಕು.

ಪಕ್ಷಗಳು ಕೋಟೆಯ ಮಾತನ್ನು ಹಬ್ಬಿಸುವುದರಲ್ಲಿ ಸ್ವಾರ್ಥವಿದೆ: ಗೆಲ್ಲುವವರಿಗೆ ಕೆಲಸ ಮಾಡುವ ಹಂಗು ತಪ್ಪುತ್ತದೆ, ಸೋಲುವವರಿಗೆ ಪ್ರಯತ್ನಿಸುವ ಹೊಣೆ ತಪ್ಪುತ್ತದೆ. ಈ ಮೂರು ತಾಲೂಕುಗಳ ಮತದಾರರು ಇಬ್ಬರಿಗೂ ಆ ಸವಲತ್ತು ಕೊಟ್ಟಿಲ್ಲ. ಆ ಚಂಚಲತೆಯೇ ಅವರ ಕೈಯಲ್ಲಿರುವ ಬಲ. ಅದನ್ನು ಅವರು ಬಿಟ್ಟುಕೊಡಬಾರದು.