ಗೆಲ್ಲಲು ನಿಲ್ಲದ ಅಭ್ಯರ್ಥಿ

ಅಮೆರಿಕದಲ್ಲಿ ಗರ್ಭಪಾತ ವಿರೋಧವೆಂದರೆ ರಿಪಬ್ಲಿಕನ್ ಪಕ್ಷ ಎಂದೇ ನಾನೂ ಬಹುಕಾಲ ನಂಬಿದ್ದೆ. ಎಲೆನ್ ಮೆಕಾರ್ಮ್ಯಾಕ್ ಬಗ್ಗೆ ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ಗರ್ಭಪಾತ ಹೆಣ್ಣಿನ ಸಾಂವಿಧಾನಿಕ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1973ರಲ್ಲಿ ತೀರ್ಪಿತ್ತಿತು. ಮೂರು ವರ್ಷಗಳ ನಂತರ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಈ ಕ್ಯಾಥೊಲಿಕ್ ಗೃಹಿಣಿ, ಅಧ್ಯಕ್ಷ ಪದವಿಗೆ ಡೆಮಾಕ್ರಟಿಕ್ ಪಕ್ಷದ ಉಮೇದುವಾರಿಕೆ ಕೋರಿ ಕಣಕ್ಕಿಳಿದರು. ಗೆಲ್ಲುವ ಭ್ರಮೆ ಇರಲಿಲ್ಲ, ಬೇಕಿದ್ದದ್ದು ಟಿವಿ. ಅಭ್ಯರ್ಥಿಯ ಜಾಹೀರಾತನ್ನು ವಾಹಿನಿಗಳು ಕತ್ತರಿಸುವಂತಿರಲಿಲ್ಲ. 20 ರಾಜ್ಯಗಳಲ್ಲಿ ತಲಾ 5,000 ಡಾಲರ್ ಚಂದಾ ಕೂಡಿಸಿದರೆ ಸರ್ಕಾರವೂ ಹಣ ಕೊಡುತ್ತಿತ್ತು. ಕೂಡಿಸಿದರು. ಹುಟ್ಟದ ಕೂಸಿನ ಪರವಾದ ಮಾತು ಹೀಗೆ ಸರ್ಕಾರಿ ನೆರವಿನಲ್ಲೇ ಮನೆಮನೆ ತಲುಪಿತು. ಅವರ ನಿಲುವನ್ನು ಒಪ್ಪದವರೂ ಈ ಜಾಣತನಕ್ಕೆ ತಲೆದೂಗಬೇಕು.

ದಕ್ಕಿದ್ದು 22 ಪ್ರತಿನಿಧಿಗಳು. ಅವರ ಪಕ್ಷದ ಪ್ರಣಾಳಿಕೆ ತೀರ್ಪನ್ನು ಬದಲಿಸುವ ಸಂವಿಧಾನ ತಿದ್ದುಪಡಿ ಬೇಡವೆಂದಿತು. ರಿಪಬ್ಲಿಕನ್ನರ ಪ್ರಣಾಳಿಕೆ ಅಂಥ ತಿದ್ದುಪಡಿಯ ಯತ್ನವನ್ನು ಬೆಂಬಲಿಸಿತು. ಚಳವಳಿ ಅತ್ತ ವಾಲಿತು.

1980ರಲ್ಲಿ ಅದರ ಭರವಸೆಯಾದವರು ರೊನಾಲ್ಡ್ ರೇಗನ್. 1967ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿ ಗರ್ಭಪಾತದ ಕಾನೂನನ್ನು ಸಡಿಲಿಸುವ ಮಸೂದೆಗೆ ಸಹಿ ಹಾಕಿದ್ದವರೂ ಅವರೇ. ಮುಂದೆ ಅದಕ್ಕಾಗಿ ವಿಷಾದಿಸಿದ್ದರು, ನಿಜ. ಮೆಕಾರ್ಮ್ಯಾಕ್ ಮಾತ್ರ ರೇಗನ್ ಹಿಂದೆ ಹೋಗಲಿಲ್ಲ. ರೈಟ್ ಟು ಲೈಫ್ ಎಂಬ ಪುಟ್ಟ ಪಕ್ಷದಿಂದ ಅವರ ಎದುರೇ ನಿಂತರು.