ಹಕ್ಕಿಯ ಹೆಸರಿನ ಜೊತೆ ಊರಿನ ಹೆಸರೂ ಇರಲಿ

ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ಸುತ್ತಲು ಬರುವವರು ನಮ್ಮ ಕಾಡು, ನೀರು ನೋಡಿ ಅಪ್ಪಟ ನಿಸರ್ಗ ಎನ್ನುತ್ತಾರೆ. ಆದರೆ ಇಲ್ಲಿಯ ದೊಡ್ಡ ನೀರೆಲ್ಲ ಮನುಷ್ಯರು ಕಟ್ಟಿ ನಿಲ್ಲಿಸಿದ್ದು. ಕಾಡಿನಲ್ಲೂ ಬ್ರಿಟಿಷರ ಕಾಲದಿಂದ ಕಡಿದು, ಮತ್ತೆ ನೆಟ್ಟ ಸಾಗುವಾನಿ ಬಹಳ ಇದೆ.

ಮೊದಲು ಸೂಪಾ. ಕಾಳಿ ನದಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ, 184 ಕಿ.ಮೀ. ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ವಿದ್ಯುತ್ತಿಗಾಗಿ ಇದಕ್ಕೆ ಅಡ್ಡಲಾಗಿ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಮುಗಿಯಿತು. ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರೇ ನೀರಿನಡಿ ಹೋಯಿತು. ಕಚೇರಿಗಳು ಜೋಯಿಡಾಕ್ಕೆ ಬಂದವು, ಮನೆ ಕಳೆದುಕೊಂಡ ಅನೇಕರು ರಾಮನಗರಕ್ಕೆ ಹೋದರು. ಇವತ್ತು ಹಿನ್ನೀರಿನ ದಂಡೆಯಲ್ಲಿ ಫೋಟೋ ತೆಗೆಯುವವರ ಕಾಲ ಕೆಳಗೆ ಯಾರದೋ ಅಂಗಳವಿದೆ.

ಅಲ್ಲಿಂದ ದಾಂಡೇಲಿ. 1950ರ ದಶಕದಲ್ಲಿ ಇಲ್ಲಿ ಕಾಗದ ಕಾರ್ಖಾನೆ ಬಂತು. ಟನ್ ಬಿದಿರಿಗೆ ಆಗ ಸರ್ಕಾರ ಹಾಕಿದ ದರ ಒಂದೂವರೆ ರೂಪಾಯಿ ಎಂದು ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ. ಬಿದಿರು ಬರಿದಾಗತೊಡಗಿತು. 1970ರ ದಶಕದಲ್ಲಿ ಸರ್ಕಾರ ಕೇಳಿದ್ದಕ್ಕೆ ಗಾಡ್ಗೀಳರು ಕಾರಣ ಹುಡುಕಲು ಬಂದರು. ಮೆಳೆಯ ಬುಡದ ಮುಳ್ಳು ಬಿಡಿಸಿದರೆ ಹೊಸ ಬಿದಿರು ಚೆನ್ನಾಗಿ ಬರುತ್ತದೆ ಎಂಬುದು ಕಾರ್ಖಾನೆ ಕಡೆಯವರ ಲೆಕ್ಕ. ಹಳ್ಳಿಯವರು ಒಪ್ಪಲಿಲ್ಲ: ಮುಳ್ಳಿನ ಬೇಲಿ ಹೋದರೆ ಕಳಲೆಯನ್ನು ದನ, ಕಾಡುಪ್ರಾಣಿ ತಿಂದು ಮುಗಿಸುತ್ತವೆ ಎಂದರು. ಅಧ್ಯಯನ ಮುಗಿದಾಗ ಹಳ್ಳಿಯವರ ಮಾತೇ ಸರಿ ಎಂದು ಗೊತ್ತಾಯಿತು.

ಹಳಿಯಾಳದ ಕಡೆಯಿಂದ ಮುಂಡಗೋಡಕ್ಕೆ ಬಂದರೆ ಅತ್ತಿವೇರಿ. ಇದು ರೈತರ ಗದ್ದೆಗೆ ನೀರುಣಿಸಲು ಹಳ್ಳಕ್ಕೆ ಕಟ್ಟಿದ ಜಲಾಶಯ. ನೀರು ನಿಂತಿತು, ಚಮಚ ಕೊಕ್ಕಿನ ಹಕ್ಕಿ, ನೀರುಕಾಗೆ, ಬೆಳ್ಳಕ್ಕಿ ಬಂದವು. ಈಗ ಅದು ಪಕ್ಷಿಧಾಮ. ಹಕ್ಕಿಗಳಿಗೆ ಕೆರೆ ಕಟ್ಟಿದ್ದು ಯಾರು ಎಂಬುದು ಬೇಕಾಗಿಲ್ಲ, ನಮಗೆ ಬೇಕು.

ಯಾಕೆಂದರೆ ಲೆಕ್ಕ ಇನ್ನೂ ಮುಗಿದಿಲ್ಲ. 1956ರಲ್ಲಿ ದಾಂಡೇಲಿ ಅಭಯಾರಣ್ಯವಾಯಿತು. 2007ರಲ್ಲಿ ಅದು ಅಣಶಿ ರಾಷ್ಟ್ರೀಯ ಉದ್ಯಾನದ ಜೊತೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ 'ಕಾಳಿ' ಎಂಬ ಹೆಸರು ಬಂತು. ಒಳಗಿನ ಹಳ್ಳಿಗಳಿಂದ ಪರಿಹಾರ ಪಡೆದು ಹೊರಬಂದ ಕುಟುಂಬಗಳಿವೆ, ಉಳಿದವರೂ ಇದ್ದಾರೆ. ಅವರು ಬಿಟ್ಟ ಗದ್ದೆಯಲ್ಲಿ ಹುಲ್ಲು ಬೆಳೆದು ಜಿಂಕೆ ಮೇಯ್ದರೆ ಸಂತೋಷವೇ. ಆದರೆ ಆ ಗದ್ದೆಗೊಂದು ಹೆಸರಿತ್ತು.

ಹೊಸ ನಡಿಗೆ ದಾರಿ ಮಾಡುವವರು ಫಲಕದಲ್ಲಿ ಹಕ್ಕಿಯ ಹೆಸರಿನ ಜೊತೆ ಆ ಜಾಗದ ಹಳೆಯ ಹೆಸರನ್ನೂ ಬರೆಯಲಿ. ಸೂಪಾ ಮುಳುಗಿದಾಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಅರವತ್ತರ ಹತ್ತಿರ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಇವತ್ತೇ ಕೇಳಿ: ಕೇರಿ, ಹಳ್ಳ, ದೇವಸ್ಥಾನ, ಕಾಲುದಾರಿ. ಮೊಬೈಲಿನಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ.