ಮಸ್ಕತ್ತಿನ ಮದ್ದುಗುಂಡಿನ ವ್ಯಾಪಾರವೂ ಗಡಿಯ ನ್ಯಾಯವೂ

ಒಂದು ದೇಶದಲ್ಲಿ ನಿರ್ಬಾಧವಾಗಿ ಕೊಂಡ ಪದಾರ್ಥವು ಮತ್ತೊಂದು ದೇಶದ ಎಲ್ಲೆಯನ್ನು ಮುಟ್ಟಿದೊಡನೆ ಅಪರಾಧದ ವಸ್ತುವಾಗಬಹುದು. ಅಫೀಮು, ಚಿನ್ನ ಮೊದಲಾದವುಗಳ ವಿಷಯದಲ್ಲಿಯೂ ಇದು ಸತ್ಯವೇ. ಆದರೆ ಮದ್ದುಗುಂಡುಗಳ ವಿಷಯದಲ್ಲಿ ಇದರ ಪರಿಣಾಮವು ಅತ್ಯಂತ ತೀವ್ರವಾದುದು. ಅವುಗಳನ್ನು ಒಯ್ಯುವವನು ಯಾವ ರಾಜ್ಯದ ನ್ಯಾಯಕ್ಕೆ ಉತ್ತರ ಹೇಳಬೇಕು? ತಾನು ಹೊರಟ ನಾಡಿನ ನ್ಯಾಯಕ್ಕೋ, ಏರಿದ ಹಡಗಿನ ಧ್ವಜದ ನ್ಯಾಯಕ್ಕೋ, ಹಾದುಹೋಗುವ ಜಲದ ಒಡೆಯನ ನ್ಯಾಯಕ್ಕೋ, ತಲಪಬೇಕಾದ ರೇವಿನ ನ್ಯಾಯಕ್ಕೋ? ಈ ನಾಲ್ಕು ನ್ಯಾಯಗಳೂ ಒಂದೇ ಸರಕಿನ ಮೇಲೆ ಒಮ್ಮೆಗೇ ಬಂದು ಬಿದ್ದ ಒಂದು ಪ್ರಸಂಗವು ಅರಬ್ಬೀ ಸಮುದ್ರದ ಇತಿಹಾಸದಲ್ಲಿ ದೊರೆಯುತ್ತದೆ. ಅದನ್ನು ಸಂಕ್ಷೇಪವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಓಮಾನಿನ ಮಸ್ಕತ್ ಪಟ್ಟಣವು ಬಂದೂಕು, ತೋಟಾಗಳ ದೊಡ್ಡ ಸಂತೆಯಾಗಿ ಪರಿಣಮಿಸಿತು. ಯೂರೋಪಿನಿಂದ ಉಗಿಹಡಗುಗಳಲ್ಲಿ ಬಂದ ಆಯುಧಗಳು ಇಲ್ಲಿ ಇಳಿದು, ಸಣ್ಣ ಹಾಯಿಹಡಗುಗಳನ್ನೇರಿ ಪಾರಸಿಕ ಮತ್ತು ಮಕ್ರಾನ್ ಕರಾವಳಿಗಳಿಗೆ ಹೋಗುತ್ತಿದ್ದವು. ಅಲ್ಲಿಂದ ಒಂಟೆಗಳ ಮೇಲೆ ಆಫ್ಘಾನಿಸ್ಥಾನಕ್ಕೂ ಹಿಂದೂಸ್ಥಾನದ ವಾಯವ್ಯ ಗಡಿನಾಡಿಗೂ ಸೇರುತ್ತಿದ್ದವು. ಹಿಂಬದಿಯಿಂದ ತುಂಬುವ ಹೊಸ ಬಗೆಯ ಬಂದೂಕಿಗೆ ಹಿತ್ತಾಳೆಯ ತೋಟಾ ಇಲ್ಲದಿದ್ದರೆ ಅದು ಬರಿಯ ದೊಣ್ಣೆ. ಆದುದರಿಂದ ಬಂದೂಕಿನಷ್ಟೇ, ಒಂದು ದೃಷ್ಟಿಯಿಂದ ಅದಕ್ಕಿಂತಲೂ ಹೆಚ್ಚಾಗಿ, ತೋಟಾದ ಪೆಟ್ಟಿಗೆಯು ಸರಕಾರಗಳ ಕಣ್ಣಿಗೆ ಶಂಕಾಸ್ಪದವಾಯಿತು.

ಇದನ್ನು ತಡೆಯಲು ಆ ಕಾಲಕ್ಕೆ ಇದ್ದ ಸಾಧನಗಳು ಹರಕುಮುರುಕಾದವು. ಹಿಂದೂಸ್ಥಾನದಲ್ಲಿ ೧೮೭೮ರ ಆಯುಧಗಳ ಕಾಯಿದೆಯು ರಹದಾರಿಯಿಲ್ಲದ ಆಮದನ್ನು ದಂಡನೀಯವೆಂದು ವಿಧಿಸಿತ್ತು. ಆದರೆ ಅದರ ಕೈ ಹಿಂದೂಸ್ಥಾನದ ಎಲ್ಲೆಯಾಚೆಗೆ ಚಾಚುವಂತಿರಲಿಲ್ಲ. ಪಾರಸಿಕದಲ್ಲಿ ನಿಷೇಧವಿದ್ದರೂ ಅದು ಹೆಸರಿಗೆ ಮಾತ್ರ ಇದ್ದಿತು. ಗುಲಾಮರ ವ್ಯಾಪಾರವನ್ನು ನಿಲ್ಲಿಸುವುದಕ್ಕಾಗಿ ೧೮೯೦ನೆಯ ಜುಲೈ ೨ರಂದು ಬ್ರಸೆಲ್ಸಿನಲ್ಲಿ ಆದ ಒಪ್ಪಂದವು ಆಯುಧಗಳ ಆಮದನ್ನೂ ನಿರ್ಬಂಧಿಸಿತು. ಆದರೆ ಆ ನಿರ್ಬಂಧವು ಆಫ್ರಿಕದಲ್ಲಿ ಉತ್ತರ ಅಕ್ಷಾಂಶ ೨೦ರಿಂದ ದಕ್ಷಿಣ ಅಕ್ಷಾಂಶ ೨೨ರವರೆಗಿನ ವಲಯಕ್ಕೆ ಸಂಬಂಧಿಸಿದುದು. ಮಸ್ಕತ್ ಅದಕ್ಕೆ ಹೊರಗು.

೧೮೯೭ರಲ್ಲಿ ಗಡಿನಾಡಿನ ಪಠಾಣ ಕುಲಗಳು ದಂಗೆಯೆದ್ದುವು. ಅವರ ಕೈಯಲ್ಲಿನ ಆಯುಧಗಳು ಎಲ್ಲಿಂದ ಬಂದವೆಂಬ ಪ್ರಶ್ನೆಯು ಆಂಗ್ಲ ಅಧಿಕಾರಿಗಳನ್ನು ಕಾಡಿತು. ಅವರ ಪ್ರೇರಣೆಯಿಂದ ಮಸ್ಕತ್ತಿನ ಸುಲ್ತಾನನಾದ ಫೈಸಲ್ ಬಿನ್ ತುರ್ಕಿಯು ೧೮೯೮ನೆಯ ಜನವರಿ ೧೩ರಂದು ಒಂದು ಘೋಷಣೆಯನ್ನು ಹೊರಡಿಸಿದನು. ಹಿಂದೂಸ್ಥಾನಕ್ಕೂ ಪಾರಸಿಕಕ್ಕೂ ಉದ್ದಿಷ್ಟವಾದ ಆಯುಧಗಳನ್ನೂ ಮದ್ದುಗುಂಡುಗಳನ್ನೂ ಸಾಗಿಸುವ ಹಡಗುಗಳು ಆಂಗ್ಲ, ಪಾರಸಿಕ ಅಥವಾ ಮಸ್ಕತ್ ಧ್ವಜವುಳ್ಳವಾಗಿದ್ದರೆ, ಅವುಗಳನ್ನು ತನ್ನ ಜಲಸೀಮೆಯಲ್ಲಿ ಶೋಧಿಸಿ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಲು ಆಂಗ್ಲ ಮತ್ತು ಪಾರಸಿಕ ಯುದ್ಧನೌಕೆಗಳಿಗೆ ಅವನು ಅಪ್ಪಣೆಯಿತ್ತನು. ಅದೇ ತಿಂಗಳಲ್ಲಿ 'ಲ್ಯಾಪ್‌ವಿಂಗ್' ಎಂಬ ನೌಕೆಯ ನಾಯಕನಾದ ಕಾರ್ ಎಂಬಾತನು 'ಬಲೂಚಿಸ್ತಾನ್' ಎಂಬ ಆಂಗ್ಲ ಉಗಿಹಡಗನ್ನು ಮಸ್ಕತ್ತಿನ ಜಲಸೀಮೆಯಲ್ಲಿ ತಡೆದು ಅದರಲ್ಲಿದ್ದ ಮದ್ದುಗುಂಡುಗಳನ್ನು ವಶಪಡಿಸಿಕೊಂಡನು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಇಂಗ್ಲೆಂಡಿನಿಂದ ಮಸ್ಕತ್ತಿಗೆ ಉಗಿಹಡಗಿನ ಪ್ರಯಾಣವು ವಾರಗಳ ಲೆಕ್ಕದ್ದು. ಘೋಷಣೆಗೂ ಜಪ್ತಿಗೂ ನಡುವೆ ಇದ್ದುದು ದಿನಗಳು ಮಾತ್ರ. ಸರಕು ಕಡಲ ಮೇಲಿರುವಾಗಲೇ ಅದರ ಮುಂದಿನ ನ್ಯಾಯವು ಬದಲಾಯಿಸಿತ್ತು.

ಸರಕಿನ ಒಡೆಯರಾದ ಫ್ರಾಸಿಸ್ ಟೈಮ್ಸ್ ಎಂಬ ವರ್ತಕರು ಇಂಗ್ಲೆಂಡಿನಲ್ಲಿ ಕಾರನ ಮೇಲೆ ದಾವೆ ಹೂಡಿದರು. ಅವರ ವಾದವು ಮೇಲುನೋಟಕ್ಕೆ ಬಲವಾಗಿಯೇ ಇದ್ದಿತು: ಹಡಗು ಆಂಗ್ಲರದು, ಸರಕು ಆಂಗ್ಲ ಪ್ರಜೆಗಳದು, ಹಿಡಿದವನೂ ಆಂಗ್ಲ ಅಧಿಕಾರಿ, ಹೀಗಿರುವಾಗ ಇಂಗ್ಲೆಂಡಿನ ನ್ಯಾಯವಲ್ಲದೆ ಮತ್ತಾವುದು ಅನ್ವಯಿಸಬೇಕು? ಮೇಲ್ಮನವಿಯ ನ್ಯಾಯಾಲಯವು ವರ್ತಕರ ಪರವಾಗಿ ನಿಂತಿತು. ಆದರೆ ೧೯೦೨ರಲ್ಲಿ ಲಾರ್ಡರ ಸಭೆಯು ಆ ತೀರ್ಪನ್ನು ತಳ್ಳಿಹಾಕಿತು. ಹೊರನಾಡಿನಲ್ಲಿ ನಡೆದ ಕೃತ್ಯಕ್ಕೆ ಇಂಗ್ಲೆಂಡಿನಲ್ಲಿ ಪರಿಹಾರ ಬೇಡುವವನು, ಅದು ನಡೆದ ನಾಡಿನ ನ್ಯಾಯದಿಂದಲೂ ಸಮರ್ಥನೀಯವಲ್ಲವೆಂದು ತೋರಿಸಬೇಕೆಂಬ ತತ್ತ್ವವು ೧೮೭೦ರ ಫಿಲಿಪ್ಸ್ ಮತ್ತು ಐರ್ ವ್ಯಾಜ್ಯದಲ್ಲಿಯೇ ಸ್ಥಾಪಿತವಾಗಿತ್ತು. ಮಸ್ಕತ್ತಿನಲ್ಲಿ ಸುಲ್ತಾನನ ಆಜ್ಞೆಯೇ ಕಾನೂನು. ಆ ಆಜ್ಞೆಯಂತೆ ಜಪ್ತಿಯು ನ್ಯಾಯಸಮ್ಮತ. ಆದುದರಿಂದ ಇಂಗ್ಲೆಂಡಿನಲ್ಲಿ ದಾವೆ ನಿಲ್ಲದು. ತಮ್ಮ ದೇಶದ ಶಾಸನವನ್ನು ಮೀರಿರದಿದ್ದರೂ ವರ್ತಕರು ಸರಕನ್ನೂ ಕಳೆದುಕೊಂಡರು, ವ್ಯಾಜ್ಯವನ್ನೂ ಸೋತರು.

ಜಲದ ಒಡೆಯನ ನ್ಯಾಯವೇ ಸರ್ವತ್ರ ಗೆದ್ದಿತೆಂದು ಇದರಿಂದ ಊಹಿಸುವುದು ಸಲ್ಲದು. ಸುಲ್ತಾನನ ಘೋಷಣೆಯಲ್ಲಿ ಮೂರು ಧ್ವಜಗಳಷ್ಟೇ ಹೆಸರಿಸಲ್ಪಟ್ಟಿದ್ದುವು. ಫ್ರೆಂಚರ ಧ್ವಜವು ಅದರಲ್ಲಿ ಸೇರಿರಲಿಲ್ಲ. ೧೮೪೪ರ ಕೌಲಿನಿಂದ ಫ್ರೆಂಚರಿಗೆ ಮಸ್ಕತ್ತಿನಲ್ಲಿ ವ್ಯಾಪಾರಸ್ವಾತಂತ್ರ್ಯವು ದೊರೆತಿತ್ತು. ೧೮೬೨ರಲ್ಲಿ ಆಂಗ್ಲರೂ ಫ್ರೆಂಚರೂ ಸುಲ್ತಾನನ ಸ್ವಾತಂತ್ರ್ಯವನ್ನು ಗೌರವಿಸುವುದಾಗಿ ಪರಸ್ಪರ ಮಾತುಕೊಟ್ಟಿದ್ದರು. ಓಮಾನಿನ ಸೂರ್ ಎಂಬ ರೇವಿನ ಹಡಗಿನವರು ಸುಲ್ತಾನನ ಪ್ರಜೆಗಳಾಗಿದ್ದೂ ಫ್ರೆಂಚ್ ಧ್ವಜವನ್ನೇರಿಸಿ ಶೋಧನೆಯಿಂದ ಪಾರಾಗುತ್ತಿದ್ದರು. ಈ ವಿವಾದವು ಹೇಗ್ ನಗರದ ಪಂಚಾಯಿತಿ ನ್ಯಾಯಸ್ಥಾನದ ಮುಂದೆ ಬಂದು, ೧೯೦೫ನೆಯ ಆಗಸ್ಟ್ ೮ರಂದು ತೀರ್ಮಾನವಾಯಿತು. ೧೮೯೨ನೆಯ ಜನವರಿ ೨ಕ್ಕೆ ಹಿಂದೆ ಧ್ವಜವನ್ನು ಕೊಡಲು ಫ್ರೆಂಚರಿಗೆ ಅಧಿಕಾರವಿತ್ತು. ಅನಂತರ, ೧೮೬೩ಕ್ಕೆ ಮೊದಲೇ ತಮ್ಮ ಆಶ್ರಿತರೆಂದು ಪರಿಗಣಿತರಾಗಿದ್ದವರಿಗೆ ಮಾತ್ರ ಕೊಡಬಹುದು ಎಂಬುದು ಅದರ ಸಾರ. ಹೀಗೆ ಒಂದೇ ರೇವಿನಲ್ಲಿ, ಒಂದೇ ಬಗೆಯ ಸರಕಿಗೆ, ಕಂಬದ ಮೇಲಿನ ಬಟ್ಟೆಯ ಬಣ್ಣವನ್ನನುಸರಿಸಿ ಅಪಾಯವಾಗಲಿ ಅಭಯವಾಗಲಿ ಒದಗುತ್ತಿತ್ತು.

ಇದರ ಪರಿಹಾರವಾದರೂ ಬಲದಿಂದ ಪೂರ್ಣವಾಗಲಿಲ್ಲ. ೧೯೧೦ರಿಂದ ನೌಕಾಧಿಪತಿ ಸ್ಲೇಡನು ನಡೆಸಿದ ಕಾವಲಿನಿಂದ ಹಾಯಿಹಡಗುಗಳ ಓಡಾಟವು ಕುಗ್ಗಿತು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಆಯುಧಗಳನ್ನು ಹುಡುಕಲು ದುಬೈಯಲ್ಲಿ ಇಳಿದ ಪಡೆಗೂ ಊರವರಿಗೂ ಕಾಳಗವಾಗಿ ರಕ್ತಪಾತವಾಯಿತು. ೧೯೧೨ರಲ್ಲಿ ಸುಲ್ತಾನನು ಬೇರೊಂದು ಮಾರ್ಗವನ್ನು ಹಿಡಿದನು. ಮಸ್ಕತ್ತಿಗೆ ಬಂದ ಆಯುಧಗಳೂ ಮದ್ದುಗುಂಡುಗಳೂ ಒಂದೇ ಉಗ್ರಾಣದಲ್ಲಿ ಶೇಖರವಾಗಬೇಕು. ರಹದಾರಿಯಿಲ್ಲದೆ ಹೊರಗೆ ಹೋಗಕೂಡದು. ಫ್ರೆಂಚರು ಮೊದಲು ಆಕ್ಷೇಪಿಸಿದರೂ ೧೯೧೪ರಲ್ಲಿ ಒಪ್ಪಿದರು. ಧ್ವಜವನ್ನು ಕೇಳುತ್ತಿದ್ದ ನ್ಯಾಯವು ಈಗ ಸರಕನ್ನೂ ಅದು ಸೇರುವ ಕೈಯನ್ನೂ ಕೇಳತೊಡಗಿತು. ಈ ಪ್ರಸಂಗದ ನಿಜವಾದ ಮಹತ್ತ್ವವು ಇಲ್ಲಿಯೇ ಇರುವುದೆಂದು ನನ್ನ ಅಭಿಪ್ರಾಯ.

ಮುಂದಿನ ಒಪ್ಪಂದಗಳು ಇದೇ ದಾರಿಯನ್ನು ಹಿಡಿದುವು. ೧೯೧೯ರ ಸೇಂಟ್ ಜರ್ಮೇನಿನ ಒಪ್ಪಂದವೂ ೧೯೨೫ರ ಜಿನೀವದ ಒಪ್ಪಂದವೂ ರಹದಾರಿಯ ಪದ್ಧತಿಯನ್ನೇ ಆಧರಿಸಿದವು. ಎರಡನೆಯದು ಜಾರಿಗೆ ಬರಲೇ ಇಲ್ಲ. ೨೦೧೩ರಲ್ಲಿ ಅಂಗೀಕೃತವಾಗಿ ೨೦೧೪ರ ಡಿಸೆಂಬರ್ ೨೪ರಿಂದ ಜಾರಿಗೆ ಬಂದ ಆಯುಧವ್ಯಾಪಾರದ ಒಪ್ಪಂದವು ಮದ್ದುಗುಂಡುಗಳ ರಫ್ತನ್ನೂ ಒಳಗೊಳ್ಳುತ್ತದೆ. ಅದರ ಮತದಾನದಲ್ಲಿ ಭಾರತವು ತಟಸ್ಥವಾಗಿದ್ದಿತು.

ಭಾರತದ ೧೯೫೯ರ ಆಯುಧಗಳ ಕಾಯಿದೆಯ ಹತ್ತನೆಯ ವಿಧಿಯಂತೆ, ನೆಲ, ಜಲ, ಆಕಾಶ ಯಾವ ಮಾರ್ಗದಿಂದಲೇ ಆಗಲಿ ರಹದಾರಿಯಿಲ್ಲದೆ ಮದ್ದುಗುಂಡುಗಳನ್ನು ತರುವುದೂ ಒಯ್ಯುವುದೂ ನಿಷಿದ್ಧ. ವಿಧಿಯು ಕಠಿನವಾದರೂ ನ್ಯಾಯಾಲಯಗಳು ಅದಕ್ಕೆ ಒಂದು ಮಾನವೀಯ ಎಲ್ಲೆಯನ್ನು ಕಲ್ಪಿಸಿವೆ. ವಶದಲ್ಲಿರುವುದೆಂದರೆ ಅರಿತು ವಶದಲ್ಲಿರುವುದೆಂದು ಸರ್ವೋಚ್ಚ ನ್ಯಾಯಾಲಯವು ೧೯೭೨ರ ಗುಣವಂತಲಾಲನ ಮೊಕದ್ದಮೆಯಲ್ಲಿ ವಿವರಿಸಿತು. ವಿಮಾನನಿಲ್ದಾಣದಲ್ಲಿ ಪ್ರಯಾಣಿಕನ ಚೀಲದ ಮೂಲೆಯಿಂದ ಹೊರಬಂದ ಒಂಟಿ ತೋಟಾದ ಕಾರಣ ಹೂಡಿದ ಎಷ್ಟೋ ಮೊಕದ್ದಮೆಗಳನ್ನು ಉಚ್ಚ ನ್ಯಾಯಾಲಯಗಳು ಈ ತತ್ತ್ವದಿಂದಲೇ ರದ್ದುಗೊಳಿಸಿವೆ. ಅದರೆ ಈ ದಯೆಯು ಈ ನಾಡಿನ ನ್ಯಾಯದ್ದು. ಆ ತೋಟಾ ಇಲ್ಲಿ ಕಣ್ಣಿಗೆ ಬೀಳದೆ ಗಡಿ ದಾಟಿದರೆ, ಅದನ್ನು ತೂಗುವ ತಕ್ಕಡಿ ಬೇರೆ; ಅಲ್ಲಿ ಅರಿಯದೆ ತಂದೆನೆಂಬ ಮಾತಿಗೆ ಬೆಲೆಯುಂಟೋ ಇಲ್ಲವೋ ಎಂಬುದನ್ನು ಆ ನಾಡಿನ ಶಾಸನವೇ ಹೇಳಬೇಕು. 'ಬಲೂಚಿಸ್ತಾನ್' ಹಡಗಿನ ವರ್ತಕರು ಹಣ ತೆತ್ತು ಕಲಿತ ಪಾಠವೂ ಇದೇ ಆಗಿದ್ದಿತು.